ಮುಂದಿನ ಚಕ್ರ ಎದ್ದ ದಿನ

ಬೋರ್‌ವೆಲ್‌ನೊಳಗೆ ಕೆಟ್ಟು ಕೂತ ಮೋಟರುಗಳನ್ನು ಮೇಲೆತ್ತುವುದು ನಮ್ಮ ಕೆಲಸ. ಮಾಡುವವರು ನಾನು, ನನ್ನ ಗಂಡ, ಇಬ್ಬರೇ. ಮನೆ ನ್ಯಾಮತಿಯಲ್ಲಿ. ಗಾಡಿ ಮನೆಯ ಮುಂದೆ ಬೇವಿನ ಮರದ ಕೆಳಗೆ ನಿಲ್ಲುತ್ತದೆ. ನೋಡಿದವರು ಸಾಮಾನ್ಯ ಪಿಕಪ್ ಅಂದುಕೊಳ್ಳುತ್ತಾರೆ. ಹಿಂದಕ್ಕೆ ಹೋಗಿ ನೋಡಿದರೆ ಅದರ ಬೆನ್ನ ಮೇಲೆ ದಪ್ಪನೆಯ ಕಬ್ಬಿಣದ ಕಂಬ, ಕಂಬದ ತುದಿಗೆ ಗಾಲಿ, ಗಾಲಿಯಿಂದ ಇಳಿಬಿಟ್ಟ ಉಕ್ಕಿನ ಹಗ್ಗ ಕಾಣುತ್ತವೆ. ಗಾಡಿಯ ಎಂಜಿನ್ನೇ ಆ ಹಗ್ಗವನ್ನು ಸುತ್ತುತ್ತದೆ. ಡ್ರೈವರ್ ಸೀಟಿನಲ್ಲಿ ಕೂತವರು ಕ್ಲಚ್ ಬಿಟ್ಟರೆ ಹಗ್ಗ ಮೇಲೇರುತ್ತದೆ, ಹಿಡಿದರೆ ನಿಲ್ಲುತ್ತದೆ.

ಆ ಸೀಟಿನಲ್ಲಿ ಕೂರುವವಳು ನಾನು. ಮೊದಲು ಒಬ್ಬ ಡ್ರೈವರ್ ಇದ್ದ. ಅವನು ಮೆಕ್ಕೆಜೋಳದ ಲಾರಿಗೆ ಹೋದ ಮೇಲೆ ಬೇರೆಯವರನ್ನು ಹುಡುಕುತ್ತಿದ್ದಾಗ ನಾನೇ ಹತ್ತಿದೆ. ನನ್ನ ತವರು ಜಗಳೂರಿನ ಕಡೆ. ಮದುವೆಗೆ ಮುಂಚೆ ಅಪ್ಪನ ಟ್ರ್ಯಾಕ್ಟರ್ ಓಡಿಸಿ ಅಭ್ಯಾಸವಿತ್ತು. ಲೈಸೆನ್ಸ್ ಮಾಡಿಸಿಕೊಂಡೆ. ಮೊದಮೊದಲು ಊರವರು ನಿಂತು ನೋಡುತ್ತಿದ್ದರು. ಆಮೇಲೆ ಅವರಿಗೂ ಬೇಸರವಾಯಿತು.

ಕೆಲಸ ಹೇಳುವಷ್ಟು ಸುಲಭವಲ್ಲ. ಮೋಟರು ಭೂಮಿಯೊಳಗೆ ಉದ್ದನೆಯ ಕಬ್ಬಿಣದ ಪೈಪುಗಳ ಸಾಲಿಗೆ ಜೋತುಬಿದ್ದಿರುತ್ತದೆ. ಒಂದು ಪೈಪಿನಷ್ಟು ಮೇಲೆ ಎಳೆಯಬೇಕು, ಬೋರಿನ ಬಾಯಿಯ ಹತ್ತಿರ ಆ ಸಾಲಿಗೆ ಕ್ಲ್ಯಾಂಪು ಬಿಗಿಯಬೇಕು. ಎರಡು ಹೋಳಿನ ಆ ಕಬ್ಬಿಣದ ಹಿಡಿ ಬೋರಿನ ಬಾಯಿಯ ಮೇಲೆ ಅಡ್ಡ ಕೂತು ಕೆಳಗಿನ ಭಾರವನ್ನೆಲ್ಲ ಹೊರುತ್ತದೆ. ಆಗ ಮೇಲಿನ ಪೈಪನ್ನು ತಿರುಗಿಸಿ ಬಿಚ್ಚಬಹುದು. ಮತ್ತೆ ಎಳೆಯಬೇಕು, ಮತ್ತೆ ಬಿಗಿಯಬೇಕು. ಕ್ಲ್ಯಾಂಪು ಬಿಗಿಯುವಾಗ ನನ್ನ ಗಂಡನ ಎರಡೂ ಕೈ ಬೋರಿನ ಬಾಯಿಯ ಮೇಲಿರುತ್ತವೆ. ಆ ಹೊತ್ತಿಗೆ ನನ್ನ ಕಾಲು ಜಾರಿದರೆ ಏನಾಗುತ್ತದೆ ಎಂದು ನಾವಿಬ್ಬರೂ ಯಾವತ್ತೂ ಬಾಯಿಬಿಟ್ಟು ಮಾತಾಡಿರಲಿಲ್ಲ.

ಆಗ ನಮ್ಮ ಹತ್ತಿರ ಇದ್ದದ್ದು ಹಗುರ ಜಾತಿಯ ಪಿಕಪ್. ಊರೊಳಗಿನ ಸಣ್ಣಪುಟ್ಟ ಸಾಮಾನು ಸಾಗಿಸಲು ಹೇಳಿ ಮಾಡಿಸಿದಂಥದ್ದು. ನಮ್ಮ ಕಡೆಯ ಬೋರ್‌ಗಳಿಗೆ ಅದು ಹೇಗೋ ಸಾಕಾಗುತ್ತಿತ್ತು. ಅದನ್ನು ಮಗುವಿನ ಹಾಗೆ ನೋಡಿಕೊಂಡಿದ್ದೆವು. ವಾರಕ್ಕೊಮ್ಮೆ ಗ್ರೀಸ್ ಹೊಡೆಯುತ್ತಿದ್ದೆವು. ಉಕ್ಕಿನ ಹಗ್ಗವನ್ನು ನಾನು ಹಳೆಯ ಸೀರೆಯ ತುಂಡು ಹಿಡಿದು ಉದ್ದಕ್ಕೂ ಒರೆಸುತ್ತಿದ್ದೆ. ಬಟ್ಟೆ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಎಳೆ ಕಿತ್ತಿದೆ ಎಂದರ್ಥ. ಅವರು ಗಾಡಿಯ ಕೆಳಗೆ ಮಲಗಿ ಭಾರ ಹೊರುವ ಕಮಾನ್ ಪ್ಲೇಟುಗಳನ್ನು ಒಂದೊಂದಾಗಿ ಬಡಿದು ಸದ್ದು ಕೇಳುತ್ತಿದ್ದರು. ಇಷ್ಟೆಲ್ಲ ಮಾಡಿದರೂ ಆಳದ ಬೋರ್‌ನಲ್ಲಿ ಹಗ್ಗ ಬಿಗಿಯಾದಾಗ ಸ್ಟೇರಿಂಗ್ ನನ್ನ ಕೈಯಲ್ಲಿ ಹಗುರವಾಗುವುದು ಗೊತ್ತಾಗುತ್ತಿತ್ತು. ಹಿಂದಿನ ಭಾರಕ್ಕೆ ಮುಂಭಾಗ ಎದ್ದು ಬರುವ ಸೂಚನೆ ಅದು.

"ರೀ, ಸ್ಟೇರಿಂಗ್ ಗಾಳಿಯಾಗೆ ತಿರುಗಿದಂಗೆ ಆಗ್ತೈತೆ" ಅಂದಿದ್ದೆ ಒಂದು ಸಲ.

"ಹೂಂ, ನಂಗೂ ಕಾಣ್ತೈತೆ. ದೊಡ್ಡ ಗಾಡಿ ನೋಡಾಣ" ಅಂದಿದ್ದರು. ನೋಡುತ್ತಲೇ ಇದ್ದೆವು.

ಆ ಬೇಸಿಗೆಯಲ್ಲಿ ಜಗಳೂರಿನ ಕಡೆಯಿಂದ ಫೋನ್ ಬಂತು. ನನ್ನ ತವರಿನವರಿಗೆ ಪರಿಚಯದ ರೈತರೊಬ್ಬರದು. ದಾಳಿಂಬೆ ಹೂ ಬಿಟ್ಟಿದೆ, ಮೋಟರ್ ಸುಟ್ಟಿದೆ, ಎತ್ತುವ ಗಾಡಿಗಳೆಲ್ಲ ಬೇರೆ ಬೇರೆ ಕಡೆ ಹೋಗಿವೆ ಎಂದರು. ಬೆಳಗ್ಗೆ ಬೇಗ ಹೊರಟು ಬಿಸಿಲೇರುವಷ್ಟರಲ್ಲಿ ಅವರ ಹೊಲ ಸೇರಿದೆವು. ರೈತರು ಐವತ್ತು ದಾಟಿದವರು, ಒಳ್ಳೆಯ ಮಾತಿನವರು. ಅವರ ತಾಯಿ, ಬಾಗಿದ ಬೆನ್ನಿನ ಅಜ್ಜಿ, ನಮಗೆ ಮಜ್ಜಿಗೆ ತಂದುಕೊಟ್ಟು ನನ್ನನ್ನೇ ನೋಡುತ್ತ ಗಿಡದ ನೆರಳಲ್ಲಿ ಕೂತರು. ಪಕ್ಕದ ಹೊಲದವರೂ ನಾಲ್ಕಾರು ಜನ ಬಂದಿದ್ದರು. ಮೋಟರ್ ಎತ್ತುವುದೆಂದರೆ ನೋಡಲು ಜನ ಸೇರುವುದು ಎಲ್ಲ ಕಡೆಯೂ ಇದ್ದದ್ದೇ.

ಗಾಡಿಯನ್ನು ಹಿಂದಕ್ಕೆ ತೆಗೆದು ಬೋರಿನ ಬಾಯಿಗೆ ಸರಿಯಾಗಿ ನಿಲ್ಲಿಸಿದೆ. ಹಿಂಬದಿಯಲ್ಲಿ ಎರಡು ಕಬ್ಬಿಣದ ಕಾಲುಗಳಿವೆ. ನನ್ನವರು ಅವನ್ನು ಇಳಿಸಿ ಕೆಳಗೆ ಮರದ ಹಲಗೆ ಕೊಟ್ಟರು. ಮೊದಲ ಪೈಪುಗಳು ಸಲೀಸಾಗಿ ಬಂದವು. ಪ್ರತಿ ಪೈಪು ಬಿಚ್ಚಿದಾಗಲೂ ಅದರೊಳಗೆ ನಿಂತ ನೀರು ದಬದಬ ಸುರಿದು ಬೋರಿನ ಸುತ್ತ ಹರಿಯುತ್ತಿತ್ತು. ಅಲ್ಲಿನ ಕೆಂಪು ಮಣ್ಣು ಒಣಗಿದ್ದಾಗ ಕಲ್ಲಿನಂತಿರುತ್ತದೆ, ನೆನೆದರೆ ಹಿಟ್ಟು. ನಾನು ಸೀಟಿನಿಂದ ನೋಡಿದಾಗ ಅವರ ಪಾದಗಳು ಕೆಸರಲ್ಲಿದ್ದವು.

ಅರ್ಧ ಪೈಪು ಬಂದಿರಬೇಕು, ಹಗ್ಗ ಒಮ್ಮೆಲೇ ಬಿಗಿಯಾಯಿತು. ಎಂಜಿನ್ ನರಳಿತು. ಕೆಳಗೆ ಮೋಟರು ಯಾವುದೋ ಕಲ್ಲಿಗೆ ಸಿಕ್ಕಿಕೊಂಡಿತ್ತು. ಸ್ಟೇರಿಂಗ್ ಹಗುರವಾಯಿತು, ನನ್ನ ಎದುರಿನ ಬಾನೆಟ್ ಮೆಲ್ಲಗೆ ಮೇಲೇಳಲು ಶುರುವಾಯಿತು. ಗಾಜಿನಲ್ಲಿ ಕಾಣುತ್ತಿದ್ದ ದಾಳಿಂಬೆ ಸಾಲು ಕೆಳಕ್ಕೆ ಸರಿದು ಆಕಾಶ ಬಂತು. ಕ್ಲಚ್ ಒತ್ತಿ ಹಿಡಿದೆ.

"ಎಳೀರಿ ತಂಗಿ, ಇನ್ನೊಂಚೂರು ಎಳೀರಿ, ಬಿಟ್ಕಂತತೆ" ಅಂದರು ರೈತರು.

"ಬ್ಯಾಡ, ನಿಲ್ಸು" ಅಂದರು ನನ್ನವರು. "ಕ್ಲ್ಯಾಂಪ್ ಹಾಕಿ ಭಾರ ಇಳಿಸ್ತೀನಿ. ಆಮೇಲೆ ಏನ್ ಮಾಡಾದು ನೋಡಾಣ."

ಹಗ್ಗವನ್ನು ಹಿಡಿದು ನಿಲ್ಲಿಸುವ ಬ್ರೇಕಿನ ಹಿಡಿಕೆ ನನ್ನ ಬಲಕ್ಕಿತ್ತು. ಎಳೆದೆ. ಮುಂದಿನ ಚಕ್ರಗಳು ನೆಲ ಮುಟ್ಟಿಯೂ ಮುಟ್ಟದ ಹಾಗೆ ಇದ್ದವು. ಕನ್ನಡಿಯಲ್ಲಿ ಅವರು ಬಗ್ಗಿದ್ದು ಕಂಡಿತು. ಒಂದು ಬೋಲ್ಟ್ ಬಿಗಿ ಮಾಡಿ ಇನ್ನೊಂದಕ್ಕೆ ಕೈ ಹಾಕಿದ್ದರು. ಅಷ್ಟರಲ್ಲಿ ಗಾಡಿ ಎಡಕ್ಕೆ ವಾಲಿತು. ದೊಡ್ಡ ಸದ್ದೇನೂ ಆಗಲಿಲ್ಲ. ಎಡಗಡೆಯ ಕಬ್ಬಿಣದ ಕಾಲು ಹಲಗೆಯ ಸಮೇತ ಕೆಸರಿಗೆ ಇಳಿದಿತ್ತು. ಕಂಬ ತಗ್ಗಿತು, ಪೈಪಿನ ಸಾಲು ತಗ್ಗಿತು, ಸಾಲಿನ ಜೊತೆ ಕ್ಲ್ಯಾಂಪೂ ತಗ್ಗಿತು.

ಅವರು ಕೂಗಲಿಲ್ಲ. ಬಗ್ಗಿದವರು ಬಗ್ಗಿದ ಹಾಗೇ ಇದ್ದರು. ಕೂಗಿದ್ದು ಸುತ್ತಲಿನ ಜನ.

"ಅಯ್ಯೋ, ಕೈ! ಕೈ ಸಿಕ್ಕೈತೆ!"

"ಬಿಡ್ರಿ, ಹಗ್ಗ ಬಿಡ್ರಿ!"

"ಗಾಡಿ ಮುಂದಕ್ಕೆ ತಗೀರಿ ತಂಗಿ!"

ಒಬ್ಬರು ಬಂದು ನನ್ನ ಬಾಗಿಲನ್ನೇ ಬಡಿಯತೊಡಗಿದರು. ಹಗ್ಗ ಬಿಟ್ಟರೆ ಅಷ್ಟೂ ಪೈಪಿನ ಭಾರ ನನ್ನವರ ಬೆರಳುಗಳ ಮೇಲೆ ಕೂರುತ್ತದೆ. ಗಾಡಿ ಮುಂದಕ್ಕೆ ತೆಗೆದರೆ ಕೈಯೇ ಕಿತ್ತು ಬರುತ್ತದೆ. ನನಗೆ ಇದು ಗೊತ್ತಿತ್ತು. ಆದರೆ ಅಷ್ಟು ಜನ ಒಟ್ಟಿಗೆ ಒಂದೇ ಮಾತು ಕೂಗುವಾಗ ಗೊತ್ತಿರುವುದೂ ಸಡಿಲವಾಗುತ್ತದೆ. ನನ್ನ ಕೈ ಹಿಡಿಕೆಯ ಮೇಲೆ ಹೋಗಿತ್ತು. ಅವರ ದನಿ ಕೇಳಬೇಕಿತ್ತು ನನಗೆ, ಬೇರೆ ಯಾರದೂ ಬೇಡ.

"ಸುಮ್ಕಿರ್ರೀ ಎಲ್ರೂ!" ಎಂದು ಕಿರುಚಿದೆ. ಅಷ್ಟು ಗಟ್ಟಿಯಾಗಿ ನಾನು ಯಾವತ್ತೂ ಕೂಗಿರಲಿಲ್ಲ. ಎಲ್ಲರೂ ಒಮ್ಮೆಲೇ ಸುಮ್ಮನಾದರು. ಆಗ ಹಿಂದಿನಿಂದ ಅವರ ಮಾತು ಕೇಳಿತು. ಪಕ್ಕದಲ್ಲಿ ಕೂತು ಮಾತಾಡಿದಷ್ಟು ಸಣ್ಣಗೆ.

"ಎತ್ತು. ಒಂಚೂರೇ ಎತ್ತು."

ಬ್ರೇಕಿನ ಹಿಡಿಕೆ ಮೆಲ್ಲಗೆ ಬಿಡುತ್ತ ಕ್ಲಚ್ಚಿನಿಂದ ಕಾಲನ್ನು ಕೂದಲೆಳೆಯಷ್ಟು ಸಡಿಲಿಸಿದೆ. ಹಗ್ಗ ಏರಲಿಲ್ಲ. ಬಾನೆಟ್ ಎದ್ದಿತು. ಮತ್ತೆ ಆಕಾಶ. ಹಗುರ ಗಾಡಿ, ಭಾರವನ್ನು ಎತ್ತುವ ಬದಲು ತಾನೇ ಎದ್ದು ನಿಲ್ಲುತ್ತಿತ್ತು. ಹೀಗೇ ಎಳೆದರೆ ಹಿಂದಿನ ಕಾಲು ಇನ್ನಷ್ಟು ಹೂತು ಕ್ಲ್ಯಾಂಪು ಇನ್ನಷ್ಟು ಇಳಿಯುತ್ತದೆ. ತಕ್ಷಣ ಕ್ಲಚ್ ಒತ್ತಿ ಬ್ರೇಕ್ ಎಳೆದೆ.

"ಮುಂದೆ ಬರ್ರಿ!" ಅಂದೆ. "ಎಲ್ರೂ ಬಾನೆಟ್ ಮ್ಯಾಲೆ ಹತ್ರಿ! ಮುಂದೆ ಭಾರ ಬೇಕು!"

ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ನಾನು ಹೇಳಿದ್ದು ಅವರಿಗೆ ಅರ್ಥವಾಗಲಿಲ್ಲವೋ, ಹೆಂಗಸೊಬ್ಬಳು ಗಾಬರಿಯಲ್ಲಿ ಏನೋ ಅನ್ನುತ್ತಿದ್ದಾಳೆ ಅಂದುಕೊಂಡರೋ. ಮೊದಲು ಎದ್ದು ಬಂದದ್ದು ಅಜ್ಜಿ. ಸೀರೆ ಎತ್ತಿ ಸಿಕ್ಕಿಸಿಕೊಂಡು ನೇರ ಬಂದು ಮುಂದಿನ ಬಂಪರಿನ ಮೇಲೆ ಕೂತೇಬಿಟ್ಟರು.

"ನಿಂತ್ಕಂಡು ಏನ್ ನೋಡ್ತೀರಲೇ? ಆ ಮಗಳು ಹೇಳಾದು ಕೇಳ್ಸಲ್ವ? ಹತ್ರೋ!"

ಆಮೇಲೆ ಎಲ್ಲರೂ ಓಡಿಬಂದರು. ಬಾನೆಟ್ ಮೇಲೆ ಇಬ್ಬರು ಹತ್ತಿದರು, ಬಂಪರ್ ಮೇಲೆ ಮೂವರೋ ನಾಲ್ವರೋ ನಿಂತರು. ಒಬ್ಬರ ಬೆನ್ನು ನನ್ನ ಗಾಜನ್ನು ಪೂರ್ತಿ ಮುಚ್ಚಿತು. ನನಗೆ ಮುಂದೆ ಏನೂ ಕಾಣುತ್ತಿರಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ. ಸ್ಟೇರಿಂಗ್ ಕೈಯಲ್ಲಿ ತೂಕ ಹಿಡಿಯಿತು. ಚಕ್ರ ನೆಲಕ್ಕೆ ಕೂತಿತ್ತು.

ಮತ್ತೆ ಬ್ರೇಕ್ ಬಿಟ್ಟು ಕಾಲು ಸಡಿಲಿಸಿದೆ. ಎಂಜಿನ್ ಇನ್ನೇನು ನಿಂತೇಹೋಗುತ್ತದೆ ಎನ್ನುವಂತೆ ನಡುಗಿತು. ಬಲಗಾಲಲ್ಲಿ ಆಕ್ಸಿಲರೇಟರ್ ಸ್ವಲ್ಪ ಕೊಟ್ಟೆ. ಕ್ಲಚ್ ಸುಡುವ ವಾಸನೆ ಒಳಗೆಲ್ಲ ತುಂಬಿತು. ಹೆಚ್ಚು ಕೊಟ್ಟರೆ ಹಗ್ಗ ಜಗ್ಗುತ್ತದೆ, ಕಡಿಮೆಯಾದರೆ ಎಂಜಿನ್ ನಿಂತು ಭಾರ ಕೆಳಗೆ ಬೀಳುತ್ತದೆ. ಎಡಗಾಲಿನ ಮೀನಖಂಡ ತಾನಾಗೇ ಕುಣಿಯುತ್ತಿತ್ತು. ಅದನ್ನು ನಿಲ್ಲಿಸಲು ಮೊಣಕಾಲನ್ನು ಎಡಗೈಯಿಂದ ಒತ್ತಿ ಹಿಡಿದೆ. ಕನ್ನಡಿಯಲ್ಲಿ ಅವರ ಬೆನ್ನು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಅಂಗಿ ಬೆವರಿಗೆ ಅಂಟಿತ್ತು. ಹಗ್ಗ ಕಿರಗುಟ್ಟಿತು. ಏರುತ್ತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ.

ಆ ಬೆನ್ನು ಹಿಂದಕ್ಕೆ ಬಿತ್ತು. ಅವರು ಕೆಸರಿನಲ್ಲಿ ಕೂತರು, ಎಡಗೈ ಎದೆಗೆ ಅವಚಿಕೊಂಡಿದ್ದರು.

"ಬಂತು" ಅಂದರು. "ಹಿಡ್ಕ. ಬಿಡಬ್ಯಾಡ."

ಹಿಡಿದುಕೊಂಡೆ. ಆಮೇಲಿನದೇ ನನಗೆ ಹೆಚ್ಚು ಕಷ್ಟವಾದದ್ದು. ಅವರು ನನ್ನ ಹಿಂದೆ ಒಂದೆರಡು ಮಾರು ದೂರದಲ್ಲಿ ರಕ್ತ ಸುರಿಸುತ್ತ ಕೂತಿದ್ದಾರೆ, ವಾಲಿದ ಗಾಡಿಯಲ್ಲಿ ಬ್ರೇಕೊಂದನ್ನೇ ನಂಬಿ ನಾನು ಸೀಟು ಬಿಟ್ಟು ಇಳಿಯುವ ಹಾಗಿಲ್ಲ. ಕ್ಲ್ಯಾಂಪಿನ ಇನ್ನೊಂದು ಬೋಲ್ಟ್ ಇನ್ನೂ ಸಡಿಲ. ಕಾಲು ತಪ್ಪಿದರೆ ಪೈಪಿನ ಸಾಲೆಲ್ಲ ಜಾರಿ ಪಾತಾಳಕ್ಕೆ ಹೋಗುತ್ತದೆ, ಹೋಗುವಾಗ ಹತ್ತಿರವಿದ್ದವರನ್ನು ಬಡಿದುಕೊಂಡೇ ಹೋಗುತ್ತದೆ. ರೈತರು ಸ್ಪ್ಯಾನರ್ ಹಿಡಿದು ಬಗ್ಗಿದರು. ಸ್ಪ್ಯಾನರ್ ಒಂದೆರಡು ಸಲ ಜಾರಿ ಕೆಸರಿಗೆ ಬಿತ್ತು. ನನ್ನವರು ಕೂತಲ್ಲಿಂದಲೇ ಹೇಳಿಕೊಡುತ್ತಿದ್ದರು.

"ಕೈ ಕೆಳಗೆ ಇಡಬ್ಯಾಡ್ರಿ. ಪಕ್ಕದಿಂದ ಹಿಡೀರಿ. ಹಂಗೆ. ಇನ್ನೊಂಚೂರು ಬಿಗೀರಿ."

ಆ ದನಿ ಅಷ್ಟು ಸಮಾಧಾನವಾಗಿತ್ತು, ನನಗೆ ಅಳು ಬಂತು. ಕಣ್ಣು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

"ಆತು. ಈಗ ಇಳಿಸು" ಅಂದರು.

ಇಳಿಸಿದೆ. ಕ್ಲ್ಯಾಂಪು ಬೋರಿನ ಬಾಯಿಯ ಮೇಲೆ ಕೂತು ಭಾರ ಹಿಡಿಯಿತು. ಎಂಜಿನ್ ಆರಿಸಿ ಬಾಗಿಲು ತೆಗೆದು ಇಳಿದು ಹಿಂದಕ್ಕೆ ಓಡಿದೆ. ನನ್ನವರ ಹತ್ತಿರ ಹೋದಾಗ ಕೈಗವಸಿನ ಎರಡು ಬೆರಳು ಚಪ್ಪಟೆಯಾಗಿದ್ದವು. ಅದನ್ನು ತೆಗೆಯಲು ಅವರು ಬಿಡಲಿಲ್ಲ. "ಆಸ್ಪತ್ರೆಯಾಗೆ ತಗೀತಾರೆ, ನೀನು ನೋಡಬ್ಯಾಡ" ಅಂದರು.

ರೈತರ ಕಾರಿನಲ್ಲಿ ಜಗಳೂರಿಗೆ ಹೋದೆವು, ಅಲ್ಲಿ ಕಟ್ಟು ಕಟ್ಟಿ ದಾವಣಗೆರೆಗೆ ಕಳಿಸಿದರು. ಉಂಗುರದ ಬೆರಳು, ಕಿರುಬೆರಳು ಎರಡರ ತುದಿಯನ್ನೂ ತೆಗೆಯಬೇಕಾಯಿತು. ಆ ಬೋರಿನ ಮೋಟರನ್ನು ಆಮೇಲೆ ಚಿತ್ರದುರ್ಗದ ಕಡೆಯಿಂದ ಬಂದ ದೊಡ್ಡ ಗಾಡಿಯವರು ಎತ್ತಿದರಂತೆ. ರೈತರು ಫೋನ್ ಮಾಡಿ ಹೇಳಿದರು. ಗಿಡ ಉಳಿದವು ಅಂದರು.

ಮನೆಗೆ ಬಂದ ಮೇಲೆ ಬೇರೆ ಥರದ ದಿನಗಳು ಶುರುವಾದವು. ನಾನು ಆಮೇಲೆ ಹೋಗಿ ತಂದಿದ್ದ ಗಾಡಿ ಬೇವಿನ ಮರದ ಕೆಳಗೆ ನಿಂತಲ್ಲೇ ನಿಂತಿತ್ತು. ಅವರು ಬೆಳಗ್ಗೆ ಹೊರಗೆ ಬಂದರೆ ಅದರ ಕಡೆ ನೋಡದೆ ರಸ್ತೆಯ ಕಡೆ ಮುಖ ಮಾಡಿ ಕೂರುತ್ತಿದ್ದರು. ಅವರ ಅಣ್ಣ ಬಂದು, ಇದನ್ನು ಮಾರಿ ಬಸ್‌ಸ್ಟ್ಯಾಂಡ್ ಹತ್ತಿರ ಪೈಪು, ನಲ್ಲಿ ಮಾರುವ ಅಂಗಡಿ ಹಾಕು ಅಂದರು. ಇವರು ಹೂಂ ಅಂದರು. ಅದು ಒಪ್ಪಿಗೆಯ ಹೂಂ ಅಲ್ಲ, ಮಾತು ಮುಗಿಸಲು ಅಂದ ಹೂಂ ಎಂದು ನನಗೆ ಗೊತ್ತಿತ್ತು.

ಅವರ ಅಣ್ಣ ಹೋದ ಮೇಲೆ ಕೇಳಿದೆ: "ಅಂಗಡಿಯಾಗೆ ಕೂರ್ತೀರಾ ನೀವು?"

"ಮತ್ತೇನ್ ಮಾಡಾಕೆ ಆಗ್ತತೆ? ಈ ಕೈಯಾಗೆ ಕ್ಲ್ಯಾಂಪ್ ಹಿಡಿಯಾಕೆ ಬರಲ್ಲ."

"ಈ ಗಾಡಿ ಮಾರಾಣ. ಕೆಲಸ ಬಿಡಾದು ಬ್ಯಾಡ. ಗಟ್ಟಿ ಗಾಡಿ ತಗಳಾಣ."

ಅವರು ಗಾಡಿಯ ಕಡೆ ತಿರುಗಿ ನೋಡಿದರು. ಆಮೇಲೆ, "ಆವತ್ತು ನಿಂಗೆ ಹೆದರಿಕೆ ಆಗ್ಲಿಲ್ವಾ?" ಅಂದರು.

"ಆತು. ಈಗಲೂ ಐತೆ. ಅದಕ್ಕೇ ಗಟ್ಟಿ ಗಾಡಿ ಬೇಕು ಅನ್ನಾದು."

ಗಾಡಿ ಹುಡುಕಾಟ ಹಾಗೆ ಶುರುವಾಯಿತು. ಹೊಸದಕ್ಕೆ ನಮ್ಮ ಕೈ ಎಟುಕುತ್ತಿರಲಿಲ್ಲ, ಹಾಗಾಗಿ ಓಡಿದ ಗಾಡಿಗಳನ್ನೇ ನೋಡಿದೆವು. ಹೊನ್ನಾಳಿಯಲ್ಲಿ ಒಂದು ಬಹಳ ಚೆನ್ನಾಗಿ ಕಾಣುತ್ತಿತ್ತು. ಹೊಸ ಬಣ್ಣ, ಹೊಸ ಸೀಟು ಕವರು. ನನ್ನವರಿಗೂ ಮನಸ್ಸು ಬಂದಿತ್ತು. ನಾನು ಕೆಳಗೆ ತೂರಿ ಮೊಬೈಲ್ ಟಾರ್ಚ್ ಹಾಕಿ ಚಾಸಿಯನ್ನು, ಅಂದರೆ ಗಾಡಿಯ ಬೆನ್ನುಮೂಳೆಯಂಥ ಕಬ್ಬಿಣವನ್ನು, ಉದ್ದಕ್ಕೂ ನೋಡಿದೆ. ಹಿಂದಿನ ಚಕ್ರದ ಮೇಲ್ಗಡೆ ಬಣ್ಣದಡಿಯಲ್ಲಿ ಒಂದು ಉಬ್ಬು ಬೆರಳಿಗೆ ಸಿಕ್ಕಿತು. ಮುರಿದದ್ದನ್ನು ವೆಲ್ಡಿಂಗ್ ಮಾಡಿ ಮುಚ್ಚಿದ್ದರು.

ಮಾರುವವನು ನನ್ನ ಗಂಡನ ಕಡೆ ತಿರುಗಿ, "ಅಮ್ಮಾರಿಗೆ ಗಾಡಿ ವಿಷಯ ಯಾಕ್ ಬಿಡ್ರಿ ಯಜಮಾನ್ರೇ" ಎಂದು ನಕ್ಕ.

ನನ್ನವರು ನಗಲಿಲ್ಲ. "ಓಡಿಸಾದು ಅವ್ರೇ. ಅವ್ರು ಬ್ಯಾಡ ಅಂದ್ರೆ ಬ್ಯಾಡ" ಅಂದು ಬೈಕ್ ಹತ್ತಿದರು. ಆಸ್ಪತ್ರೆಯಿಂದ ಬಂದ ಮೇಲೆ ಅವರ ಬಾಯಲ್ಲಿ ಕೆಲಸದ ಮಾತು ಅಷ್ಟು ಖಡಕ್ಕಾಗಿ ಬಂದದ್ದು ಅದೇ ಮೊದಲು.

ಕೊನೆಗೆ ಸಿಕ್ಕಿದ್ದು ಚನ್ನಗಿರಿಯಲ್ಲಿ. ಅಡಿಕೆ ವ್ಯಾಪಾರದವರ ಗಾಡಿ, ದೊಡ್ಡ ಜಾತಿಯದು. ನೋಡಲು ಕುರೂಪಿ. ಎರಡೂ ಪಕ್ಕ ತಗ್ಗು ಬಿದ್ದಿದ್ದವು, ಒಂದು ಕಡೆ ದೀಪದ ಗಾಜು ಒಡೆದಿತ್ತು. ಆದರೆ ಕಮಾನ್ ಪ್ಲೇಟುಗಳು ಒಂದೂ ಬಿರಿದಿರಲಿಲ್ಲ, ಚಾಸಿಯ ಮೇಲೆ ಕಂಪನಿಯಿಂದ ಬಂದ ಬಣ್ಣವೇ ಇತ್ತು. ಅಡಿಕೆ ಚೀಲ ತುಂಬಿಸಿ ಓಡಿಸಿ ನೋಡಬೇಕು ಅಂದೆ. ಮಾಲೀಕರು ಬೇಸರಿಸದೆ ತುಂಬಿಸಿದರು. ಊರ ಹೊರಗಿನ ಏರಿನ ನಡುವೆ ನಿಲ್ಲಿಸಿ, ಬ್ರೇಕ್ ಬಿಟ್ಟು ಬರೀ ಕ್ಲಚ್ಚಿನ ಮೇಲೆ ಹಿಡಿದೆ. ಹಿಂದಕ್ಕೆ ಒಂದಿಷ್ಟೂ ಸರಿಯಲಿಲ್ಲ. ಕೆಳಗೆ ಬಂದಾಗ ನನ್ನವರು ಗಾಡಿಯ ಮುಂದೆ ಹೋಗಿ ಒಳ್ಳೆಯ ಕೈಯನ್ನು ಬಂಪರಿನ ಮೇಲಿಟ್ಟು ಪೂರ್ತಿ ಮೈಭಾರ ಹಾಕಿದರು. ಗಾಡಿ ಅಲುಗಲಿಲ್ಲ.

"ಮುಂದೆ ತೂಕ ಐತೆ" ಅಂದರು. ಮಾತು ಅಲ್ಲಿಗೆ ಮುಗಿಯಿತು.

ಕಂಬ, ಗಾಲಿಗಳನ್ನು ಹೊಸದಾಗಿ ಕೂರಿಸಿದೆವು. ಹಿಂದಿನ ಕಾಲುಗಳ ಕೆಳಗೆ ಇಡಲು ಅಗಲವಾದ ಕಬ್ಬಿಣದ ತಟ್ಟೆ ಮಾಡಿಸಿದೆವು. ಕ್ಲ್ಯಾಂಪ್ ಹಿಡಿಯಲು ಒಬ್ಬರನ್ನು ಗೊತ್ತು ಮಾಡಿದ್ದೆವು. ಆದರೆ ಮೊದಲ ಕೆಲಸದ ದಿನ ಅವರು ಬರಲಿಲ್ಲ. ಸವಳಂಗದ ಹತ್ತಿರದ ಹೊಲ, ಅಷ್ಟೇನೂ ಆಳವಿಲ್ಲದ ಬೋರು. ಹೊಲದವರು ಕಾಯುತ್ತಿದ್ದರು. ನಾವಿಬ್ಬರೂ ಗಾಡಿಯ ಪಕ್ಕ ನಿಂತಿದ್ದೆವು.

"ನೀವು ಹತ್ರಿ" ಅಂದೆ. "ನಾನು ಕ್ಲ್ಯಾಂಪ್ ಹಿಡೀತೀನಿ."

"ಬ್ಯಾಡ."

"ಕಾಲಿಗೇನೂ ಆಗಿಲ್ಲವಲ್ಲ ನಿಮಗೆ. ಹತ್ರಿ."

ಹತ್ತಿದರು. ಕೈಗವಸು ಹಾಕಿಕೊಂಡು ಬೋರಿನ ಬಾಯಿಯ ಹತ್ತಿರ ನಿಂತೆ. ಮೊದಲ ಪೈಪು ಮೇಲೆ ಬಂದು ನಿಂತಿತು. ಕ್ಲ್ಯಾಂಪಿನ ಎರಡು ಹೋಳು ಜೋಡಿಸಿ ಬೋಲ್ಟ್ ತೂರಿಸಲು ಬಗ್ಗಿದಾಗ ಬೋರಿನೊಳಗಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಅಷ್ಟು ವರ್ಷ ಕೆಲಸ ಮಾಡಿಯೂ ಆ ಗಾಳಿ ನನಗೆ ಗೊತ್ತಿರಲಿಲ್ಲ. ನನ್ನ ಬೆರಳುಗಳ ಮೇಲೆ ಅಷ್ಟೂ ಕಬ್ಬಿಣ ತೂಗಾಡುತ್ತಿತ್ತು. ಹಗ್ಗ ಒಂದು ಸಲ ಕಿರ್ ಎಂದಿತು, ನಾನು ಕೈ ಸೆಳೆದುಕೊಂಡೆ.

"ಏನಾತು?" ಎಂದು ಒಳಗಿನಿಂದ ಕೂಗಿದರು. ದನಿ ಒಡೆದಿತ್ತು.

"ಏನಿಲ್ಲ. ಹಿಡ್ಕಳ್ರಿ" ಅಂದೆ. ಮತ್ತೆ ಬಗ್ಗಿ ಎರಡೂ ಬೋಲ್ಟ್ ಬಿಗಿದೆ. "ಈಗ ಇಳಿಸ್ರಿ."

ಭಾರ ಮೆತ್ತಗೆ ಕೂತಿತು. ಗಾಡಿ ಎಲ್ಲೂ ವಾಲಲಿಲ್ಲ, ಮುಂದಿನ ಚಕ್ರ ನೆಲ ಬಿಡಲಿಲ್ಲ. ಊಟದ ಹೊತ್ತಿಗೆ ಮೋಟರು ಮೇಲಿತ್ತು. ಅವರು ಸೀಟಿನಿಂದ ಇಳಿದು ಬಂದಾಗ ಅಂಗಿ ಪೂರ್ತಿ ಒದ್ದೆಯಾಗಿತ್ತು. ಕಲ್ಲಿನ ಮೇಲೆ ಕೂತು ನೀರು ಕುಡಿದರು.

"ಅಲ್ಲಿ ಕೂತ್ರೆ ಏನೂ ಕಾಣಾದೇ ಇಲ್ಲವಲ್ಲೇ" ಅಂದರು. "ಹೆಂಗ್ ಇಷ್ಟ್ ದಿನ ಹಿಡ್ದೆ ನೀನು?"

ನಾನು ಬುತ್ತಿ ಬಿಚ್ಚಿದೆ. ರೊಟ್ಟಿ ಮುರಿಯಲು ಅವರಿಗೆ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ, ಎಡಗೈಯ ಉಳಿದ ಬೆರಳುಗಳಲ್ಲಿ ತಟ್ಟೆ ಹಿಡಿದು ಒದ್ದಾಡುತ್ತಿದ್ದರು. ನಾನು ಮುರಿದುಕೊಡಲು ಹೋದೆ. ಬೇಡ ಎಂದು ತಲೆ ಅಲ್ಲಾಡಿಸಿ ತಾವೇ ಮುರಿದುಕೊಂಡರು. ಉಂಡು ಮುಗಿಸಿದ ಮೇಲೆ ಗಾಡಿಯ ಕೆಳಗೆ ಹೋಗಿ ಮಲಗಿ, ಕಮಾನ್ ಪ್ಲೇಟುಗಳನ್ನು ಬಡಿದು ನೋಡತೊಡಗಿದರು.